ನೀಲಿಯಾಗಿಯೇ ಉಳಿದ ಸ್ಲೈಡುಗಳು: ನ್ಯೂಫೌಂಡ್‌ಲ್ಯಾಂಡಿನ ಹಾರ್ಮೋನ್ ರಿಸೆಪ್ಟರ್ ಪ್ರಕರಣ

ಸ್ತನ ಕ್ಯಾನ್ಸರಿನ ಗಡ್ಡೆಯಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಇದೆಯೇ ಅಂತ ಬಣ್ಣ ಹಾಕಿ ನೋಡುವುದು ಇಆರ್ ಟೆಸ್ಟ್. ಇದ್ದರೆ ಕಂದು, ಇಲ್ಲದಿದ್ದರೆ ನೀಲಿ. ಇಆರ್ ನೆಗೆಟಿವ್ ಸ್ಲೈಡಿನಲ್ಲಿ ನೋಡುವುದಕ್ಕೆ ಏನೂ ಇರುವುದಿಲ್ಲ. ಇಡೀ ಗಡ್ಡೆ ನೀಲಿ. ಕಂದು ಬಣ್ಣದ ಒಂದು ಚುಕ್ಕೆಯೂ ಇಲ್ಲ. ಪೆಥಾಲಜಿಸ್ಟ್ ಒಂದು ನಿಮಿಷ ನೋಡಿ, ನೆಗೆಟಿವ್ ಅಂತ ಬರೆದು, ಮುಂದಿನ ಸ್ಲೈಡಿಗೆ ಕೈ ಹಾಕುತ್ತಾರೆ. ಆದರೆ ಈ ನೀಲಿಗೆ ಎರಡು ಅರ್ಥ ಇದೆ. ಗಡ್ಡೆಯಲ್ಲಿ ಹಾರ್ಮೋನ್ ರಿಸೆಪ್ಟರ್ ನಿಜವಾಗಿಯೂ ಇಲ್ಲ ಅನ್ನುವುದು ಒಂದು. ರಿಸೆಪ್ಟರ್ ಇದೆ, ಟೆಸ್ಟೇ ಕೆಟ್ಟಿದೆ ಅನ್ನುವುದು ಇನ್ನೊಂದು. ಗಡ್ಡೆಯನ್ನಷ್ಟೇ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಕೆನಡಾದ ಪೂರ್ವ ತುದಿಯ ಒಂದು ಲ್ಯಾಬಿನಲ್ಲಿ 1997ರಿಂದ 2005ರವರೆಗೆ ಎರಡನೇ ಅರ್ಥವನ್ನು ಯಾರೂ ಪಟ್ಟು ಹಿಡಿದು ಕೇಳಲಿಲ್ಲ. ಊರು ಸೇಂಟ್ ಜಾನ್ಸ್. (ನಮ್ಮ ಕೋರಮಂಗಲದ ಆಸ್ಪತ್ರೆಗೂ ಇದಕ್ಕೂ ಹೆಸರು ಬಿಟ್ಟರೆ ಏನೇನೂ ಸಂಬಂಧವಿಲ್ಲ.) ಅದು ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯದ ರಾಜಧಾನಿ. ಪ್ರಾಂತ್ಯದ ವಿಸ್ತೀರ್ಣ ದೊಡ್ಡದು, ಜನ ಕಡಿಮೆ. ಐದು ಲಕ್ಷ ಚಿಲ್ಲರೆ, ಹೆಚ್ಚುಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು. ಹಾಗಾಗಿ ಎಲ್ಲಿ ಆಪರೇಷನ್ ಆದರೂ ಇಆರ್ ಟೆಸ್ಟಿಗೆ, ಪ್ರೊಜೆಸ್ಟರಾನ್ ರಿಸೆಪ್ಟರ್ ನೋಡುವ ಪಿಆರ್ ಟೆಸ್ಟಿಗೆ ಟಿಶ್ಯೂ ಬರುತ್ತಿದ್ದದ್ದು ಈ ಒಂದೇ ಲ್ಯಾಬಿಗೆ. ಅಲ್ಲಿ ತಪ್ಪಿದರೆ ಇಡೀ ಪ್ರಾಂತ್ಯಕ್ಕೇ ತಪ್ಪಿದ ಹಾಗೆ.

ಈ ಟೆಸ್ಟ್ ಯಾಕಿಷ್ಟು ಮುಖ್ಯ ಅಂತ ಎರಡು ಮಾತು. ಸ್ತನ ಕ್ಯಾನ್ಸರುಗಳಲ್ಲಿ ಬಹುಪಾಲು ಈಸ್ಟ್ರೋಜನ್ ಹಾರ್ಮೋನಿನ ಬಲದಿಂದ ಬೆಳೆಯುವಂಥವು. ಆ ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರ್ ಜೀವಕೋಶದ ನ್ಯೂಕ್ಲಿಯಸ್ ಒಳಗಿರುತ್ತದೆ. ಅದು ಇದ್ದರೆ, ಅದನ್ನು ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ ಕೊಡುತ್ತಾರೆ. ದಿನಾ ತಪ್ಪದೆ, ಐದು ವರ್ಷ. ಇಆರ್ ಪಾಸಿಟಿವ್ ಇರುವವರಲ್ಲಿ ಈ ಸಾದಾ ಮಾತ್ರೆ ಸ್ತನ ಕ್ಯಾನ್ಸರಿನಿಂದ ಆಗುವ ಸಾವನ್ನು ಸುಮಾರು ಮೂರನೇ ಒಂದು ಭಾಗದಷ್ಟು ಇಳಿಸುತ್ತದೆ. ರಿಸೆಪ್ಟರ್ ಇಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ, ಹಾಗಾಗಿ ಕೊಡುವುದಿಲ್ಲ. ಅಂದರೆ ಒಂದು ತಪ್ಪು "ನೆಗೆಟಿವ್" ಅಂದರೆ ಐದು ವರ್ಷದ ಮಾತ್ರೆ ಕೈತಪ್ಪಿದ ಹಾಗೆ.

ಒಂದು ಅನುಮಾನ

2005ರ ವಸಂತದಲ್ಲಿ ಅಲ್ಲಿನ ಕ್ಯಾನ್ಸರ್ ತಜ್ಞೆಯೊಬ್ಬರಿಗೆ ಒಬ್ಬ ರೋಗಿಯ ಹಳೇ ರಿಪೋರ್ಟು ಸರಿ ಕಾಣಲಿಲ್ಲ. ಆಕೆಯದು ಲೋಬ್ಯುಲರ್ ಜಾತಿಯ ಕ್ಯಾನ್ಸರ್. ಈ ಜಾತಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಇಆರ್ ಪಾಸಿಟಿವ್ ಇರುತ್ತವೆ. 2002ರ ರಿಪೋರ್ಟು ನೆಗೆಟಿವ್ ಅನ್ನುತ್ತಿತ್ತು. ಅಷ್ಟರಲ್ಲಿ ಲ್ಯಾಬಿಗೆ ಹೊಸ ಮೆಷಿನು ಬಂದು ಒಂದು ವರ್ಷವಾಗಿತ್ತು. ಇನ್ನೊಂದು ಸಲ ಮಾಡಿ ನೋಡಿ ಅಂದರು. ಮಾಡಿದರು. ಪಾಸಿಟಿವ್ ಬಂತು.

ಒಂದು ಕೇಸು ತಪ್ಪಬಹುದು. ಅನುಮಾನ ಬಂದು ಇನ್ನೂ ಕೆಲವನ್ನು ತೆಗೆದು ಮಾಡಿದರು. ಅವೂ ಬದಲಾದವು. 2002ರ ನೆಗೆಟಿವ್‌ಗಳನ್ನು ಒಂದು ಕಂತು ತೆಗೆದರು. ಅಲ್ಲೂ ಅದೇ ಕಥೆ. ಇಷ್ಟಾದ ಮೇಲೆ ಇದು ಯಾವುದೋ ಒಂದು ಸ್ಲೈಡಿನ ಎಡವಟ್ಟಲ್ಲ, ವರ್ಷಗಟ್ಟಲೆ ಹೀಗೇ ನಡೆದುಕೊಂಡು ಬಂದಿದೆ ಅನ್ನುವುದು ಅಲ್ಲಿದ್ದವರಿಗೆ ಗೊತ್ತಾಗಿರಲೇಬೇಕು. ಆ ಲ್ಯಾಬನ್ನು ನಡೆಸುತ್ತಿದ್ದ ಈಸ್ಟರ್ನ್ ಹೆಲ್ತ್ ಸಂಸ್ಥೆ ಹುಟ್ಟಿ ಆಗಿನ್ನೂ ಕೆಲವೇ ವಾರ. ಏಳು ಆರೋಗ್ಯ ಮಂಡಳಿಗಳನ್ನು ಒಟ್ಟುಗೂಡಿಸಿ 2005ರ ಏಪ್ರಿಲ್‌ನಲ್ಲಿ ಕಟ್ಟಿದ್ದು. ಹೊಸ ಮನೆಗೆ ಸಾಮಾನು ಇಳಿಸುತ್ತಿರುವಾಗಲೇ ಗೋಡೆ ಬಿರುಕು ಬಿಟ್ಟ ಹಾಗಾಯಿತು.

ಕೊನೆಗೆ ಸೇಂಟ್ ಜಾನ್ಸ್‌ನಲ್ಲಿ ಟೆಸ್ಟನ್ನೇ ನಿಲ್ಲಿಸಿದರು. 1997ರ ಮೇ ತಿಂಗಳಿಂದ 2005ರ ಆಗಸ್ಟ್‌ವರೆಗೆ ಸುಮಾರು 2,760 ಜನರಿಗೆ ಟೆಸ್ಟ್ ಆಗಿತ್ತು. ಅವರಲ್ಲಿ ನೆಗೆಟಿವ್ ಬಂದಿದ್ದವರ ಟಿಶ್ಯೂ ಬ್ಲಾಕುಗಳನ್ನು (ಮೇಣದಲ್ಲಿ ಹುದುಗಿಸಿಟ್ಟ ತುಂಡುಗಳನ್ನು) ಟೊರಾಂಟೊದ ಮೌಂಟ್ ಸಿನಾಯ್ ಆಸ್ಪತ್ರೆಗೆ ಕಳಿಸಿದರು. ಮೊದಲ ಲೆಕ್ಕಕ್ಕೆ 939 ಜನ.

ಸ್ಲೈಡು ಎಲ್ಲಿ ಕೆಡುತ್ತದೆ

ನಾನು ಇಂಥದೇ ಒಂದು ಲ್ಯಾಬಿನ ಬೆಂಚಿನಲ್ಲಿ ವರ್ಷಗಟ್ಟಲೆ ಕೂತವಳು. ಹಾಗಾಗಿ ಈ ಭಾಗ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಗಡ್ಡೆ ದೇಹದಿಂದ ಹೊರಬಂದ ಕ್ಷಣದಿಂದಲೇ ಸಮಯ ಓಡುತ್ತಿರುತ್ತದೆ. ರಿಸೆಪ್ಟರ್ ಒಂದು ಪ್ರೋಟೀನು, ಬೇಗ ಹಾಳಾಗುತ್ತದೆ. ಅದನ್ನು ಇದ್ದ ಹಾಗೆಯೇ ಹಿಡಿದಿಡುವುದು ಫಾರ್ಮಲಿನ್. ಆದರೆ ಫಾರ್ಮಲಿನ್ ಬಲು ನಿಧಾನಿ. ಟಿಶ್ಯೂ ಒಳಗೆ ಗಂಟೆಗೆ ಒಂದು ಮಿಲಿಮೀಟರ್ ಇಳಿದರೆ ಹೆಚ್ಚು. ದೊಡ್ಡ ಗಡ್ಡೆಯನ್ನು ಕೊಯ್ಯದೆ ಇಡಿಯಾಗಿ ಡಬ್ಬಿಗೆ ಹಾಕಿಬಿಟ್ಟರೆ ಹೊರಗಿನ ಅಂಚು ಬೆಂದ ಮೊಟ್ಟೆಯ ಹಾಗೆ ಗಟ್ಟಿ, ನಡುವೆ ಹಸಿ ಹಸಿ. ನಮ್ಮಲ್ಲಿಗೂ ಹೀಗೇ ಬರುತ್ತಿದ್ದವು. ಶನಿವಾರ ಮಧ್ಯಾಹ್ನ ತೆಗೆದ ಗಡ್ಡೆ, ಬಾಯಿ ಸಣ್ಣಗಿರುವ ಡಬ್ಬಿ, ತಳದಲ್ಲಿ ಎರಡು ಬೆರಳು ಫಾರ್ಮಲಿನ್. ಸೋಮವಾರ ಬೆಳಿಗ್ಗೆ ಕೊಯ್ದರೆ ಮಧ್ಯಭಾಗ ಬೆರಳಿಗೆ ಅಂಟುತ್ತಿತ್ತು. ಅಂಥ ತುಂಡಿನಲ್ಲಿ ರಿಸೆಪ್ಟರ್ ಹುಡುಕಿದರೆ ಏನು ಸಿಗುತ್ತೆ ಹೇಳಿ?

ಆಮೇಲೆ ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡಬೇಕು. ಮೈಕ್ರೋಟೋಮಿನಲ್ಲಿ ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಸೀಳಿ ಸ್ಲೈಡಿಗೆ ಹತ್ತಿಸಬೇಕು. ಫಾರ್ಮಲಿನ್ ಪ್ರೋಟೀನನ್ನು ಉಳಿಸುವುದೇನೋ ಸರಿ, ಜೊತೆಗೆ ಗಂಟು ಹಾಕಿ ಮುಚ್ಚಿಟ್ಟಿರುತ್ತದೆ. ಆ ಗಂಟು ಬಿಚ್ಚದಿದ್ದರೆ, ರಿಸೆಪ್ಟರಿಗೆ ಅಂಟಿಕೊಂಡು ಕಂದು ಬಣ್ಣ ಬರಿಸುವ ಆಂಟಿಬಾಡಿ ಹೋಗಿ ಕೂರುವುದಕ್ಕೆ ಜಾಗವೇ ಇಲ್ಲ. ಬಿಚ್ಚುವ ದಾರಿ ಅಂದರೆ ಸ್ಲೈಡನ್ನು ಬಫರ್ ದ್ರಾವಣದಲ್ಲಿ ಕುದಿಸುವುದು. ನಮ್ಮ ಲ್ಯಾಬಿನಲ್ಲಿ ಇದಕ್ಕೆ ಅಡುಗೆಮನೆಯ ಕುಕ್ಕರೇ ಇತ್ತು. ಎರಡು ಕೂಗಾದ ಮೇಲೆ ಇಳಿಸುವುದು. ಒಬ್ಬರು ಎರಡಕ್ಕೆ ಇಳಿಸಿದರೆ, ಫೋನಿನಲ್ಲಿ ಮಾತಾಡುತ್ತಾ ನಿಂತ ಇನ್ನೊಬ್ಬರು ಮೂರಕ್ಕೆ ಇಳಿಸುತ್ತಿದ್ದರು. ನಗು ಬರುತ್ತದೆ, ಅಲ್ವಾ? ಆದರೆ ಟೆಸ್ಟ್ ನಿಂತಿರುವುದೇ ಈ ಕುದಿಯ ಮೇಲೆ. ಸಾಕಷ್ಟು ಕುದಿಯದಿದ್ದರೆ ರಿಸೆಪ್ಟರ್ ಜಾಸ್ತಿ ಇರುವ ಗಡ್ಡೆ ಹೇಗೋ ಕಂದು ತೋರಿಸಿ ಪಾರಾಗುತ್ತದೆ. ಕಡಿಮೆ ಇರುವುದು ನೀಲಿಯಾಗಿಯೇ ಉಳಿಯುತ್ತದೆ.

ಇದು ನನ್ನ ಊಹೆಯಲ್ಲ. ಬ್ರಿಟನ್ನಿನ ಗುಣಮಟ್ಟ ತಪಾಸಣೆ ಯೋಜನೆಯವರು 26 ದೇಶಗಳ 200 ಲ್ಯಾಬುಗಳಿಗೆ ಒಂದೇ ಗಡ್ಡೆಗಳ ಸ್ಲೈಡು ಹಂಚಿದರು. ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ರಿಸೆಪ್ಟರ್ ಹೆಚ್ಚು ಮತ್ತು ಮಧ್ಯಮ ಇದ್ದ ಗಡ್ಡೆಗಳನ್ನು ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಲ್ಯಾಬುಗಳು ಸರಿಯಾಗಿ ಹಿಡಿದವು. ಕಡಿಮೆ ಇದ್ದದ್ದನ್ನು ತೃಪ್ತಿಕರವಾಗಿ ಹಿಡಿದದ್ದು ನೂರಕ್ಕೆ 37 ಮಾತ್ರ. ಸುಮಾರು ಮೂರನೇ ಒಂದರಷ್ಟು ಲ್ಯಾಬುಗಳಲ್ಲಿ ಆ ಗಡ್ಡೆ ಪೂರ್ತಿ ನೀಲಿ. ಒಂದೇ ಗಡ್ಡೆ, ಮೂರು ಊರಿನಲ್ಲಿ ಮೂರು ಉತ್ತರ. ಆಮೇಲಿನ ವಿಶ್ಲೇಷಣೆಯಲ್ಲಿ ಮುಖ್ಯ ಕಾರಣ ಅಂತ ಸಿಕ್ಕಿದ್ದು ಈ ಕುದಿಸುವ ಹಂತವೇ. ಆ ವರ್ಷ ಸೇಂಟ್ ಜಾನ್ಸ್‌ನಲ್ಲಿ ತಪ್ಪು ರಿಪೋರ್ಟುಗಳು ಹೋಗುತ್ತಲೇ ಇದ್ದವು.

ಅಲ್ಲಿ ಏನಾಗಿತ್ತು ಅಂದರೆ, 1997ರಲ್ಲಿ ಹಳೆಯ ರಾಸಾಯನಿಕ ವಿಧಾನ ಬಿಟ್ಟು ಈ ಬಣ್ಣದ ವಿಧಾನಕ್ಕೆ ಬಂದರು. ತಂದಿದ್ದು ಅರೆ ಸ್ವಯಂಚಾಲಿತ ಮೆಷಿನು. ಬಣ್ಣ ಹಾಕುವುದು ಮೆಷಿನು, ಕುದಿಸುವುದು ಮನುಷ್ಯರು. ಹೊಸ ಮೆಷಿನು ಬಂದ 2004ರ ಏಪ್ರಿಲ್‌ವರೆಗೂ ಹೀಗೇ ನಡೆಯಿತು. ಈ ಕೆಲಸಕ್ಕೇ ಅಂತ ಮೀಸಲಾದ, ಪಳಗಿದ ಕೈಗಳು ಇರಲಿಲ್ಲ. ಜನ ಬಂದರು, ಹೋದರು. ಹೊರಗಿನವರು ಪರೀಕ್ಷೆ ಮಾಡುವಂಥ ಗುಣಮಟ್ಟ ಯೋಜನೆಗೆ ಲ್ಯಾಬು ಸೇರಿರಲಿಲ್ಲ. ಬ್ರಿಟನ್ನಿನವರು ಹಂಚಿದ ಸ್ಲೈಡಿನಂಥದ್ದು ವರ್ಷಕ್ಕೊಂದು ಅಲ್ಲಿಗೂ ಬಂದಿದ್ದರೆ ಎಂಟು ವರ್ಷ ಹಿಡಿಯುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಹೊಟ್ಟೆ ಉರಿಸುವುದು ಮಾತ್ರ ಇದಲ್ಲ. ಸ್ತನದ ಟಿಶ್ಯೂ ತುಂಡಿನಲ್ಲಿ ಸಾಮಾನ್ಯವಾಗಿ ಗಡ್ಡೆಯ ಪಕ್ಕದಲ್ಲೇ ಸಹಜವಾದ ಹಾಲಿನ ನಾಳಗಳೂ ಒಂದಿಷ್ಟು ಇರುತ್ತವೆ. ಆ ನಾಳಗಳ ಕೆಲವು ಜೀವಕೋಶಗಳಲ್ಲಿ ಇಆರ್ ಇದ್ದೇ ಇರುತ್ತದೆ. ಟೆಸ್ಟ್ ಸರಿಯಾಗಿದ್ದರೆ ಅವು ಕಂದು ಆಗಲೇಬೇಕು. ಇದನ್ನು ಇಂಟರ್ನಲ್ ಕಂಟ್ರೋಲ್ ಅನ್ನುತ್ತಾರೆ. ಗಡ್ಡೆ ನೀಲಿ, ನಾಳ ಕಂದು ಅಂದರೆ ನೆಗೆಟಿವ್ ನಂಬಬಹುದು. ಗಡ್ಡೆಯೂ ನೀಲಿ, ನಾಳವೂ ನೀಲಿ ಅಂದರೆ ಟೆಸ್ಟ್ ಆಗೇ ಇಲ್ಲ, ರಿಪೋರ್ಟು ಕೊಡುವ ಹಾಗಿಲ್ಲ. ಸಾಕ್ಷಿ ಅದೇ ಗಾಜಿನ ಮೇಲೆ, ಗಡ್ಡೆಯ ಮಗ್ಗುಲಲ್ಲೇ ಕೂತಿರುತ್ತದೆ. ಸೇಂಟ್ ಜಾನ್ಸ್‌ನ ಹಳೇ ಸ್ಲೈಡುಗಳನ್ನು ಹೊರಗಿನ ತಜ್ಞರು ನೋಡಿದಾಗ, ನಾಳವೂ ಬಣ್ಣ ಹಿಡಿಯದ ಸ್ಲೈಡುಗಳಿಗೆ ನೆಗೆಟಿವ್ ಅಂತ ರಿಪೋರ್ಟು ಹೋಗಿದ್ದದ್ದು ಕಂಡಿತು. ಇದಕ್ಕೆ ಹೊಸ ಮೆಷಿನು ಬೇಡ, ದುಡ್ಡೂ ಬೇಡ. ಸ್ಲೈಡನ್ನು ಎರಡು ಮಿಲಿಮೀಟರ್ ಆಚೆ ಸರಿಸಿ ನೋಡಿದ್ದರೆ ಸಾಕಿತ್ತು.

ಯಾರಿಗೂ ಏನೂ ಅನ್ನಿಸಲೇ ಇಲ್ಲ ಅಂತಲೂ ಅಲ್ಲ. 2003ರಲ್ಲಿ ಅಲ್ಲಿನ ಪೆಥಾಲಜಿಸ್ಟ್ ಡಾ. ಗೆರ್ಷನ್ ಎಜೆಕಾಮ್ ಅವರು ಈ ಬಣ್ಣದ ಟೆಸ್ಟುಗಳು ಒಂದು ದಿನ ಒಂದು ಥರ ಬರುತ್ತಿವೆ, ನೆಚ್ಚಿಕೊಳ್ಳುವ ಹಾಗಿಲ್ಲ ಅಂತ ಮೇಲಿನವರಿಗೆ ಲಿಖಿತವಾಗಿಯೇ ತಿಳಿಸಿದ್ದರು. ಕೆಲವು ವಾರ ಇಆರ್, ಪಿಆರ್ ನಿಲ್ಲಿಸಿಯೂ ಇದ್ದರು. ಒಂದಿಷ್ಟು ತಿದ್ದುಪಡಿ ಆಯಿತು, ಮತ್ತೆ ಶುರುವಾಯಿತು. ಆದರೆ ಅಲ್ಲಿಯವರೆಗೆ ಹೋಗಿದ್ದ ರಿಪೋರ್ಟುಗಳ ಗತಿ ಏನು ಅಂತ ಹಿಂದಿರುಗಿ ನೋಡಲಿಲ್ಲ. ಮುಂದಿನದನ್ನು ಸರಿ ಮಾಡಿಕೊಂಡು ಹಿಂದಿನದನ್ನು ಹಾಗೇ ಬಿಡುವುದು ಲ್ಯಾಬುಗಳ ಹಳೇ ಚಾಳಿ. ನಾನೂ ಮಾಡಿದ್ದೇನೆ.

ಹೇಳಿದ ಅಂಕಿ, ಹೇಳದ ಅಂಕಿ

2005ರ ಜುಲೈನಲ್ಲೇ ಪ್ರಾಂತ್ಯದ ಆರೋಗ್ಯ ಮಂತ್ರಿಗೆ ವಿಷಯ ಗೊತ್ತಾಗಿತ್ತು. ಜನರಿಗೆ ಹೇಳಿಬಿಡೋಣ ಅನ್ನುವುದು ಅವರ ಮನಸ್ಸು. ಇನ್ನೂ ಪೂರ್ತಿ ಗೊತ್ತಾಗಿಲ್ಲ, ತಡೆಯಿರಿ ಅಂತ ಈಸ್ಟರ್ನ್ ಹೆಲ್ತ್‌ನವರು ಅವರನ್ನು ಒಪ್ಪಿಸಿದರು. ಅಕ್ಟೋಬರ್ ಮೊದಲ ವಾರದಲ್ಲಿ ದಿ ಇಂಡಿಪೆಂಡೆಂಟ್ ಅನ್ನುವ ಸ್ಥಳೀಯ ಪತ್ರಿಕೆ ಸುದ್ದಿ ಒಡೆಯಿತು. ಎಷ್ಟೋ ಹೆಂಗಸರಿಗೆ ತಮ್ಮ ಟೆಸ್ಟಿನ ಮೇಲೆ ಅನುಮಾನ ಇದೆ ಅನ್ನುವುದು ತಿಳಿದದ್ದು ಡಾಕ್ಟರ ಬಾಯಿಂದಲ್ಲ, ಸುದ್ದಿಯಿಂದ.

ಟೊರಾಂಟೊದಿಂದ ಫಲಿತಾಂಶಗಳು ಕಂತು ಕಂತಾಗಿ ಬಂದವು. ತಜ್ಞರ ಒಂದು ತಂಡ ಕೂತು ಒಬ್ಬೊಬ್ಬರದನ್ನೂ ನೋಡಿ, ಯಾರಿಗೆ ಈಗಲಾದರೂ ಮಾತ್ರೆ ಶುರು ಮಾಡಬೇಕು ಅಂತ ತೀರ್ಮಾನ ಮಾಡಿತು. 2006ರ ಡಿಸೆಂಬರಿನಲ್ಲಿ ಸಂಸ್ಥೆ ಪತ್ರಕರ್ತರನ್ನು ಕರೆದು ಒಂದು ಅಂಕಿ ಕೊಟ್ಟಿತು: 117 ಜನರ ಚಿಕಿತ್ಸೆ ಬದಲಾಯಿಸಬೇಕಾಗಿದೆ. ಒಟ್ಟು ಎಷ್ಟು ರಿಪೋರ್ಟು ಬದಲಾಯಿತು ಅನ್ನುವುದನ್ನು ಹೇಳಲಿಲ್ಲ. 2007ರ ಮೇ ತಿಂಗಳಲ್ಲಿ ಕೋರ್ಟಿಗೆ ಸಲ್ಲಿಸಿದ ಕಾಗದಪತ್ರಗಳಿಂದ ಅದು ಹೊರಬಿತ್ತು. ಮರುಪರೀಕ್ಷೆಗೆ ಕಳಿಸಿದವರಲ್ಲಿ ಬದುಕಿದ್ದವರು 763. ಅವರಲ್ಲಿ 317 ಜನರ ಫಲಿತಾಂಶ ಬದಲಾಗಿತ್ತು. ನೂರಕ್ಕೆ 42.

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ನೂರಕ್ಕೆ 42 ಟೆಸ್ಟ್ ತಪ್ಪು ಅಂತ ಆಗ ಎಲ್ಲ ಕಡೆ ಓಡಾಡಿದ ಮಾತು ಪೂರ್ತಿ ಸರಿಯಲ್ಲ. ಮರುಪರೀಕ್ಷೆಗೆ ಹೋದದ್ದು ನೆಗೆಟಿವ್ ಬಂದವರದು ಮಾತ್ರ. 2,760 ಜನರ ಲೆಕ್ಕದಲ್ಲಿ ನೋಡಿದರೆ ಪಾಲು ಇಳಿಯುತ್ತದೆ. ಇನ್ನೊಂದು, ಎಷ್ಟು ಜೀವಕೋಶ ಕಂದಾದರೆ ಪಾಸಿಟಿವ್ ಅನ್ನುವ ಗೆರೆಯೂ ಈ ವರ್ಷಗಳಲ್ಲಿ ಇದ್ದಲ್ಲೇ ಇರಲಿಲ್ಲ. ಆಗ ಬಹಳ ಕಡೆ ನೂರಕ್ಕೆ ಹತ್ತು ಅನ್ನುತ್ತಿದ್ದರು, 2010ರ ಅಮೆರಿಕದ ಮಾರ್ಗಸೂಚಿ ಅದನ್ನು ಒಂದಕ್ಕೆ ಇಳಿಸಿತು. ಗೆರೆ ಸರಿದಾಗ ಕೆಲವರು ಏನೂ ತಪ್ಪಿಲ್ಲದೆಯೂ ಆ ಕಡೆಯಿಂದ ಈ ಕಡೆಗೆ ಬರುತ್ತಾರೆ. ಬದಲಾದದ್ದೆಲ್ಲ ತಪ್ಪಲ್ಲ ಅನ್ನುವ ಸಂಸ್ಥೆಯ ವಾದದಲ್ಲಿ ಅಷ್ಟರ ಮಟ್ಟಿಗೆ ಹುರುಳಿದೆ. ಆದರೆ ಆ ವಾದ ಮಾಡಬೇಕಾಗಿದ್ದದ್ದು ಅಂಕಿಯನ್ನು ಮುಂದಿಟ್ಟುಕೊಂಡು. 117 ಮಾತ್ರ ಹೇಳಿ ಸುಮ್ನಾದಾಗ, ಉಳಿದ ರಿಪೋರ್ಟುಗಳೆಲ್ಲ ಸರಿಯಿದ್ದವು ಅಂತ ಜನ ತಿಳಿದುಕೊಂಡರು. ಆ ಮೌನಕ್ಕೂ ಎರಡು ಅರ್ಥ ಇತ್ತು, ಲ್ಯಾಬಿನ ನೀಲಿಗೆ ಇದ್ದ ಹಾಗೆ.

2005ರಲ್ಲೇ ಹೊರಗಿನ ಇಬ್ಬರು ಪರಿಣತರು ಬಂದು ಲ್ಯಾಬು ನೋಡಿ ಕಟುವಾದ ವರದಿ ಕೊಟ್ಟು ಹೋಗಿದ್ದರು. ಅದನ್ನೂ ಸಂಸ್ಥೆ ಒಳಗಿನ ಗುಟ್ಟು ಅಂತ ಇಟ್ಟುಕೊಂಡಿತ್ತು. ತನಿಖಾ ಆಯೋಗದ ಕೈಗೆ ಕೊಡಿ ಅಂತ ಕೋರ್ಟು ಹೇಳಬೇಕಾಯಿತು. 2007ರ ಜುಲೈನಲ್ಲಿ ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಅದೇ ತಿಂಗಳು ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರನ್ ಅವರ ಆಯೋಗ ನೇಮಕವಾಯಿತು.

ಮುಂದಿನ ವರ್ಷ ಮಾರ್ಚಿನಿಂದ ತಿಂಗಳುಗಟ್ಟಲೆ ಸಾಕ್ಷ್ಯ ನಡೆಯಿತು. ಟೆಕ್ನಿಶಿಯನ್ನರು, ಪೆಥಾಲಜಿಸ್ಟರು, ಅಧಿಕಾರಿಗಳು, ಮಂತ್ರಿಗಳು, ರೋಗಿಗಳು ಎಲ್ಲರೂ ಬಂದು ಹೇಳಿದರು. 2009ರ ಮಾರ್ಚಿನಲ್ಲಿ ವರದಿ ಬಂತು. 60 ಶಿಫಾರಸು. ಯಾವ ಒಬ್ಬರ ತಲೆಗೂ ಕಟ್ಟಲಿಲ್ಲ. ಫಾರ್ಮಲಿನ್‌ನಿಂದ ಹಿಡಿದು ರಿಪೋರ್ಟಿಗೆ ಸಹಿ ಹಾಕುವವರೆಗೆ ಎಲ್ಲ ಹಂತದಲ್ಲೂ ಕಾವಲು ಇರಲಿಲ್ಲ, ಹೊಣೆ ಹೊರುವವರೂ ಇರಲಿಲ್ಲ ಅನ್ನುವುದು ಅದರ ತಾತ್ಪರ್ಯ. ಟೆಕ್ನಿಶಿಯನ್ನರ ಮೇಲೆ ಎಲ್ಲ ಹಾಕಿ ಕೈತೊಳೆದುಕೊಳ್ಳಲಿಲ್ಲ ಅನ್ನುವುದು ನನಗೆ ಸಮಾಧಾನ. ಅದೇ ವರ್ಷ ಅಕ್ಟೋಬರಿನಲ್ಲಿ ರೋಗಿಗಳು ಒಟ್ಟಾಗಿ ಹೂಡಿದ್ದ ದಾವೆ 1.75 ಕೋಟಿ ಕೆನಡಾ ಡಾಲರಿಗೆ ರಾಜಿಯಾಯಿತು.

ಲೆಕ್ಕ ಪರಿಷ್ಕರಣೆ ಆದಂತೆ ತಪ್ಪು ಫಲಿತಾಂಶ ಹೋಗಿದ್ದವರ ಸಂಖ್ಯೆ 380 ದಾಟಿತು. ಅವರಲ್ಲಿ 108 ಜನ ಅಷ್ಟರಲ್ಲಿ ತೀರಿಕೊಂಡಿದ್ದರು. ಮಾತ್ರೆ ಸಿಕ್ಕಿದ್ದರೆ ಯಾರು ಉಳಿಯುತ್ತಿದ್ದರು ಅಂತ ಒಬ್ಬೊಬ್ಬರ ಹೆಸರು ಹಿಡಿದು ಹೇಳಲಾಗುವುದಿಲ್ಲ, ಔಷಧಿ ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದಿಲ್ಲವಲ್ಲ. ಆದರೆ ಅವರ ಟಿಶ್ಯೂ ಮೇಣದ ಬ್ಲಾಕಿನಲ್ಲಿ ಹಾಗೇ ಇತ್ತು. ಆಗ ನೀಲಿಯಾಗಿಯೇ ಉಳಿದದ್ದು ಈಗ ಸೀಳಿ ಬಣ್ಣ ಹಾಕಿದಾಗ ಕಂದಾಯಿತು. ಮನೆಯವರಿಗೆ ಆ ಸುದ್ದಿಯನ್ನು ಆಗಲೂ ಬೇಗ ಮುಟ್ಟಿಸಲಿಲ್ಲ.

ನಮ್ಮ ಕಡೆ

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 798 ಗಡ್ಡೆಗಳನ್ನು ನೋಡಿ 2000ದಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಇಆರ್ ಪಾಸಿಟಿವ್ ನೂರಕ್ಕೆ 33ರ ಆಸುಪಾಸು. ಪಶ್ಚಿಮದ ದೇಶಗಳಲ್ಲಿ ಅದು ಎಪ್ಪತ್ತರ ಮೇಲೆ. ಭಾರತದ ಹೆಂಗಸರ ಕ್ಯಾನ್ಸರೇ ಬೇರೆ ಥರದ್ದು ಅನ್ನುವ ಮಾತು ಆಗ ಬಲವಾಗಿತ್ತು. ನಮ್ಮಲ್ಲಿ ಚಿಕ್ಕ ವಯಸ್ಸಿಗೇ ಕಾಯಿಲೆ ಬರುವವರು ಜಾಸ್ತಿ, ಹಾಗಾಗಿ ಆ ಮಾತಿನಲ್ಲಿ ಒಂದಿಷ್ಟು ನಿಜವೂ ಇದೆ. ಆದರೆ ಎಷ್ಟು ವ್ಯತ್ಯಾಸ ಗಡ್ಡೆಯದು, ಎಷ್ಟು ಫಾರ್ಮಲಿನ್ ಡಬ್ಬಿಯದು ಅಂತ ಕೇಳಲೇಬೇಕು. ದೂರದ ನರ್ಸಿಂಗ್ ಹೋಮಿನಿಂದ ಬಸ್ಸಿನಲ್ಲಿ ಬಂದ ಗಡ್ಡೆಗಳನ್ನು ಕಣ್ಣಾರೆ ಕಂಡವಳಿಗೆ ಡಬ್ಬಿಯ ಪಾಲು ಸಣ್ಣದು ಅನ್ನಿಸುವುದಿಲ್ಲ.

2010ರ ಮಾರ್ಗಸೂಚಿ ಮಾಡಿದವರು ಜಗತ್ತಿನಲ್ಲಿ ಇಂಥ ಟೆಸ್ಟುಗಳಲ್ಲಿ ನೂರಕ್ಕೆ ಇಪ್ಪತ್ತರವರೆಗೂ ತಪ್ಪಿರಬಹುದು ಅಂದಿದ್ದರು. ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು ಅಂತ ನಿಯಮ ಬಂತು. 2020ರ ಪರಿಷ್ಕರಣೆಯಲ್ಲಿ ಇನ್ನೊಂದು ಸೇರಿತು. ಇಆರ್ ನೂರಕ್ಕೆ ಸೊನ್ನೆಯಿಂದ ಹತ್ತರೊಳಗೆ ಬಂದರೆ, ಕಂಟ್ರೋಲ್ ಬಣ್ಣ ಹಿಡಿದಿತ್ತೋ ಇಲ್ಲವೋ ಅನ್ನುವುದನ್ನು ರಿಪೋರ್ಟಿನಲ್ಲೇ ಬರೆಯಬೇಕು. ಪಕ್ಕದ ನಾಳ ನೋಡಿದಿರಾ ಅನ್ನುವ ಪ್ರಶ್ನೆಗೆ ಲಿಖಿತ ಉತ್ತರ. ಒಂದೇ ಸಾಲು.

ಈಗ ಯಾರಾದರೂ ವಾಟ್ಸಾಪಿನಲ್ಲಿ ರಿಪೋರ್ಟಿನ ಫೋಟೋ ಕಳಿಸಿದರೆ ನಾನು ಮೊದಲು ಹುಡುಕುವುದು ಆ ಸಾಲನ್ನೇ. ಹಿಂದೊಮ್ಮೆ ಪರಿಚಯದ ಅಕ್ಕ ಒಬ್ಬರು ಕಳಿಸಿದ್ದರು. ಇಆರ್ ನೆಗೆಟಿವ್, ಪಿಆರ್ ನೆಗೆಟಿವ್. ಕಂಟ್ರೋಲಿನ ಬಗ್ಗೆ ಒಂದಕ್ಷರವೂ ಇಲ್ಲ. ನಿಮ್ಮ ಡಾಕ್ಟರಿಗೆ ಹೇಳಿ ಇನ್ನೊಂದು ಕಡೆ ಮಾಡಿಸಿ ನೋಡಬಹುದು, ಬ್ಲಾಕ್ ಎಲ್ಲಿದೆ ಅಂತ ಕೇಳಿದೆ.

"ಬ್ಲಾಕ್ ಅಂದ್ರೆ ಏನಮ್ಮಾ?" ಅಂದರು.

ಬೀರುವಿನಲ್ಲಿತ್ತು. ಆಸ್ಪತ್ರೆಯ ಕವರಿನೊಳಗೆ, ಎಕ್ಸ್‌ರೇ ಜೊತೆಗೆ, ಬೆರಳ ತುದಿಯಷ್ಟು ಮೇಣದ ಎರಡು ತುಂಡು.